ಕಾಫಿ ಕಳ್ಳನ ಮನೆ

"ನಿಲ್ಸೋ ಗಣೇಶ, ಬ್ರಶ್ ಇಳ್ಸು!" ಎಂದು ಕೂಗುತ್ತ ಬಸವಯ್ಯ ಹೊಸ ಮನೆಯ ಜಗಲಿಯಿಂದ ಅಂಗಳಕ್ಕೆ ಹಾರಿದ. ಅರವತ್ತು ದಾಟಿದವನು ಹಾಗೆಲ್ಲ ಹಾರಬಾರದು, ಆದರೆ ಖುಷಿಗೆ ಅದೆಲ್ಲಿ ಗೊತ್ತಾಗುತ್ತದೆ? ಬಾಳ್ಳುಪೇಟೆಯಿಂದ ಹೆಸರು ಬರೆಯಲು ಬಂದಿದ್ದ ಗಣೇಶ ಏಣಿಯ ಮೇಲೇ ನಿಂತ. ಬಾಗಿಲ ಮೇಲೆ 'ಬಸವ' ಆಗಿತ್ತು, 'ನಿಲಯ' ಬಾಕಿ ಇತ್ತು. ಮಾರನೆಯ ದಿನವೇ ಗೃಹಪ್ರವೇಶ.

ಇಂಥದೊಂದು ಮರ್ಯಾದೆಯ ಹೆಸರಿಗಾಗಿ ಬಸವಯ್ಯ ಹುಟ್ಟಿದಾಗಿನಿಂದ ಕಾದಿದ್ದ. ಅವನಪ್ಪ ಗುಂಡಯ್ಯ ಬಿಳಿ ದೊರೆಯ ಎಸ್ಟೇಟಿನಿಂದ ಎರಡು ಬೊಗಸೆ ಕಾಫಿ ಬೀಜ ಕದ್ದನೆಂದು ಜೈಲು ಸೇರಿದ್ದ. ದೊರೆ ಹಡಗು ಹತ್ತಿ ಹೋದ, ಅಪ್ಪನೂ ಹೋದ, 'ಕಾಫಿ ಕಳ್ಳನ ಮನೆ' ಎಂಬ ಹೆಸರು ಮಾತ್ರ ಅವರ ಊರು ಪಾಳ್ಯದ ಸುತ್ತ ಗಟ್ಟಿಯಾಗಿ ಉಳಿಯಿತು. ಲಗ್ನಪತ್ರಿಕೆ ಕೊಡಲು ಬಂದವರೂ ಹಾಗೆಯೇ ದಾರಿ ಕೇಳುತ್ತಿದ್ದರು. ಬಸ್ಸಿನ ಕಂಡಕ್ಟರ್ ಹಾಗೆ ಕೂಗುತ್ತಾನೆಂದು ಬಸವಯ್ಯ ಎಷ್ಟೋ ಸಲ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದದ್ದುಂಟು.

ಈಗ ಅವನ ಕೈಯಲ್ಲೊಂದು ದಪ್ಪ ಪುಸ್ತಕವಿತ್ತು. ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಮರ ಆಸ್ಟ್ರೇಲಿಯಾದ್ದು ಎಂದು ಯಾರೋ ಹೇಳಿದ್ದೇ ನೆಪ, ಸಕಲೇಶಪುರದ ಲೈಬ್ರರಿಯಿಂದ ಆ ದೇಶದ ಚರಿತ್ರೆಯನ್ನೇ ಹೊತ್ತು ತಂದಿದ್ದ. ಊಟದ ತಟ್ಟೆಯ ಪಕ್ಕದಲ್ಲೂ ಅದೇ.

"ಕೇಳ್ರೋ ಇಲ್ಲಿ! ಇಂಗ್ಲೆಂಡಿನೋರು ಕುರಿ ಕದ್ದೋರ್ನ, ಬಟ್ಟೆ ಕದ್ದೋರ್ನ ಹಡಗಿಗೆ ತುಂಬಿ ಅಲ್ಲಿಗೆ ಸಾಗಿಸ್ಬುಟ್ರು. ಅವರ ಮಕ್ಕಳು ಮೊಮ್ಮಕ್ಕಳು ನಾಚ್ಕೊಂಡು ಬಾಯೇ ಬಿಡ್ತಿರ್ಲಿಲ್ವಂತೆ, ನನ್ನಂಗೆ! ಈಗ? ನಮ್ಮ ಮುತ್ತಾತ ಕಳ್ಳ ಅಂತ ಎದೆ ಉಬ್ಸಿ ಹೇಳ್ಕೋತಾರಂತೆ ಕಣೋ!"

"ಅದಕ್ಕೆ?" ಎಂದಳು ಹೆಂಡತಿ ಗಂಗಾಮಣಿ, ಸೊಂಟಕ್ಕೆ ಕೈಯಿಟ್ಟು.

"ಅದಕ್ಕೆ ಇದನ್ನ ಅಳ್ಸಿ 'ಕಾಫಿ ಕಳ್ಳನ ಮನೆ' ಅಂತ ಬರೆಸ್ತೀನಿ."

"ತಲೆ ಗಿಲೆ ಕೆಟ್ಟೈತೇನ್ರೀ? ನಾಳೆ ಬೀಗ್ರು ಬರ್ತಾರೆ!"

"ಬರ್ಲಿ. ಅವರೂ ಹಂಗೇ ಕೇಳ್ಕೊಂಡು ಬರೋದು ಕಣೇ. ನಾವೇ ಗೋಡೆ ಮೇಲೆ ಬರ್ಕೊಂಡ್ಮೇಲೆ ಊರೋರು ಇನ್ನೇನು ಆಡ್ಕೊಂಡಾರು?"

ಜಗಲಿಯ ಮೂಲೆಯಲ್ಲಿ ಮೊರ ಹಿಡಿದು ಮೆಣಸು ಬಿಡಿಸುತ್ತಿದ್ದ ಅವನ ತಾಯಿ ಕೆಂಚಮ್ಮ ಕೈ ನಿಲ್ಲಿಸಿದಳು. "ಲೋ ಬಸವ, ಆ ಹಡಗಲ್ಲಿ ಹೆಂಗಸ್ರೂ ಇದ್ರಾ?"

"ಇದ್ರು ಕಣವ್ವ. ಒಂದು ತುಂಡು ಬಟ್ಟೆ ಕದ್ದ ಹೆಂಗಸಿನ ಹೆಸ್ರನ್ನ ಅವಳ ಮನೆಯೋರು ಕಟ್ಟು ಹಾಕ್ಸಿ ಗೋಡೆಗೆ ನೇತಾಕವ್ರಂತೆ."

"ಕಳ್ಳಿ ಅಂತಾನೇ?"

"ಕಳ್ಳಿ ಅಂತಾನೇ!"

ಮುದುಕಿ ಮೊರ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು ಏಣಿಯ ಬುಡಕ್ಕೆ ಬಂದಳು. "ನಿಮ್ಮಪ್ಪ ಒಂದು ಬೀಜಾನೂ ಮುಟ್ಟಿದೋರಲ್ಲ. ದಿನಾ ಹಣ್ಣು ಕುಯ್ಯೋಳು ನಾನು, ಕಾಫಿ ರುಚಿ ಹೆಂಗೈತೆ ಅಂತ ಕಂಡೋಳಲ್ಲ. ನೀನು ಹೊಟ್ಟೇಲಿದ್ದೆ, ಬಯಕೆ ತಡೀಲಿಲ್ಲ. ಕಣದಿಂದ ಮಡ್ಲಲ್ಲಿ ಕಟ್ಕೊಂಡು ಬಂದೆ. ಎಸ್ಟೇಟ್ ಲೆಕ್ಕ ಬರಿಯೋ ರೈಟರ್ ಬಂದು ಮನೆ ಮಡಕೆ ತಡಕಾಡ್ದಾಗ ನಿಮ್ಮಪ್ಪ, ಕದ್ದಿದ್ದು ನಾನೇ ಅಂದ್ಬುಟ್ರು."

ಬದುಕೆಲ್ಲ ಅಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದ ಬಸವಯ್ಯ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತ. "ಇಷ್ಟು ವರ್ಷ ಯಾಕವ್ವ ಹೇಳ್ಲಿಲ್ಲ?"

"ಹೆಂಗೆ ಹೇಳ್ಲೋ? ಕಳ್ಳತನಕ್ಕೆ ಮರ್ವಾದೆ ಬಂದಿದ್ದೇ ಇವತ್ತು." ಕೆಂಚಮ್ಮ ಸೆರಗು ಸರಿಮಾಡಿಕೊಂಡು ತಲೆಯೆತ್ತಿ ಏಣಿಯ ಮೇಲಿನವನನ್ನು ನೋಡಿದಳು. "ಬರಿಯಪ್ಪ ಗಣೇಶ, 'ಕಳ್ಳಿ ಕೆಂಚಮ್ಮನ ಮನೆ'. ಅಕ್ಷರ ದಪ್ಪಗಿರ್ಲಿ, ಬಸ್ಸಿನೋರಿಗೂ ಕಾಣ್ಲಿ."