ಕರುವಿಗೂ ಒಂದು ಸಲ ಹೇಳಿ

“ಕೀಪ್ ಕೂಲ್” ಎಂದು ದೊಡ್ಡಿಯ ಗುಮಾಸ್ತ ನಂದೀಶ್ವರಯ್ಯ ಮೂರನೇ ಸಲ ಹೇಳಿದಾಗ ಚನ್ನಮಲ್ಲಮ್ಮನಿಗೆ ಮೈ ಉರಿದುಹೋಯಿತು. ಕಡಲೆಕಾಯಿ ಹೊಲಕ್ಕೆ ನುಗ್ಗಿತೆಂದು ಅವಳ ಹಸುವನ್ನು ನಿನ್ನೆ ಸಂಜೆ ದೊಡ್ಡಿಗೆ ಕೂಡಿದ್ದರು. ದಂಡ ಕಟ್ಟಿ ಆಗಿತ್ತು. ಆದರೂ ಶಾನುಭೋಗರು ಮಧುಗಿರಿಯಿಂದ ಬಂದು ರುಜು ಹಾಕುವವರೆಗೆ ಬೀಗ ತೆಗೆಯುವುದಿಲ್ಲವೆಂದು ಅವನು ಹಟ ಹಿಡಿದಿದ್ದ.

“ಅಂಗಂದ್ರೇನು ಸ್ವಾಮಿ?”

“ಇಂಗ್ಲಿಷ್ ಕಣಮ್ಮ. ಸಿಟ್ಟು ಬಂದೋರಿಗೆ, ಗಾಬರಿ ಬಿದ್ದೋರಿಗೆ ಹೇಳೋ ಮಾತು. ತಣ್ಣಗಿರು, ತಾಳ್ಮೆ ತಗೋ ಅಂತ.”

“ಯಾರಿಗ್ ಬೇಕಾದ್ರೂ ಹೇಳ್ಬೌದಾ?”

“ಓಹೋ, ಧಾರಾಳವಾಗಿ!”

ಅವಳು ಹೊರಗೆ ಹೋಗಿ, ಬೇವಿನ ಮರಕ್ಕೆ ಕಟ್ಟಿದ್ದ ಕರುವನ್ನು ಎಳೆದು ತಂದು ಅವನ ಮೇಜಿನ ಕಾಲಿಗೇ ಬಿಗಿದಳು. ನಿನ್ನೆಯಿಂದ ಹಾಲು ಕಾಣದ ಕರು ಅಂಬಾ ಎಂದು ಕೂಗಿತು. ಗೋಡೆಯಾಚೆ ಕೆಚ್ಚಲು ಬಿಗಿದು ನಿಂತಿದ್ದ ಹಸು ಅದಕ್ಕಿಂತ ಜೋರಾಗಿ ಓಗೊಟ್ಟಿತು.

“ಇದಕ್ಕೂ ಒಂದ್ ಸಲ ಹೇಳ್ಬುಡಿ. ಇದು ಸುಮ್ಕಾದ್ರೆ ನಾನೂ ಸುಮ್ಕೆ ಮನೆಗೆ ಹೋಯ್ತೀನಿ.”

ಅಷ್ಟರಲ್ಲಿ ಕರು ನಂದೀಶ್ವರಯ್ಯನ ಪಂಚೆಯ ತುದಿಯನ್ನು ಬಾಯಿಗೆ ಹಾಕಿಕೊಂಡು ಲೊಚಲೊಚನೆ ಚೀಪತೊಡಗಿತು. ಅವನು ಅದನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡ.