ಒಳಗೆ ಒಬ್ಬರೇ

ನರಸಕ್ಕ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಒಳಗೆ ಆದಿಲಕ್ಷ್ಮಿ ರಮ್ಯಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ತುಂಬು ಬಸುರಿ ರಮ್ಯ ಅವಳ ಮೊಣಕಾಲಿಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದಳು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನರಸಕ್ಕನನ್ನು ಕಂಡೊಡನೆ ನಗು ನಿಂತಿತು.

“ಬರ್ರಿ, ಕೂತ್ಕೊರ್ರಿ,” ಎಂದು ರಮ್ಯ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಆ ಮರ್ಯಾದೆಯೇ ನರಸಕ್ಕನಿಗೆ ಚುಚ್ಚಿತು. ಕೂರಲಿಲ್ಲ.

“ನೀವ್ಯಾಕೆ ಒಲೆ ಮುಂದೆ ಹೋದ್ರಿ? ನಾನಿಲ್ವಾ?” ಎಂದಳು ಆದಿಲಕ್ಷ್ಮಿ.

“ನೀವು ಇದ್ದೇ ಇದ್ದೀರಲ್ರಿ,” ಎಂದಳು ನರಸಕ್ಕ. “ಎಲ್ಲಾ ಕಡಿಗೂ.”

ಅವಳು ಮಸ್ಕತ್‌ಗೆ ಬಂದು ಇನ್ನೂ ವಾರವಾಗಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅತ್ತರು, ನಕ್ಕರು, ಫೋಟೊ ತೆಗೆಸಿಕೊಂಡರು. ಆ ಫೋಟೊವನ್ನು ನರಸಕ್ಕ ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದಳು. ರಮ್ಯಳ ಕೈ ಆದಿಲಕ್ಷ್ಮಿಯ ಹೆಗಲ ಮೇಲಿತ್ತು. ತನ್ನ ಪಕ್ಕದಲ್ಲಿ ನಿಂತಿದ್ದವನು ನರೇಶ್, ಎರಡೂ ಬ್ಯಾಗು ಹಿಡಿದುಕೊಂಡು.

ನರೇಶ್ ಮತ್ತು ರಮ್ಯ ತಾವೇ ಮೆಚ್ಚಿ ಮದುವೆಯಾದವರು. ನರಸಕ್ಕ ಒಪ್ಪಿರಲಿಲ್ಲ, ಮದುವೆಗೂ ಹೋಗಿರಲಿಲ್ಲ. ಮಡಕಶಿರದಲ್ಲಿ ಆದಿಲಕ್ಷ್ಮಿಯೇ ಮುಂದೆ ನಿಂತು ಎಲ್ಲ ಮಾಡಿಸಿದ್ದಳು. ಆಮೇಲೆ ರಾಯದುರ್ಗದಲ್ಲಿ ನರಸಕ್ಕನ ಮನೆಯಲ್ಲಿ ಇವರ ಫೋನನ್ನು ಯಾರೂ ಎತ್ತಲಿಲ್ಲ. ಮಗು ಬರುತ್ತದೆಂದು ಗೊತ್ತಾದಾಗ ನರೇಶನೇ ಮತ್ತೆ ಮತ್ತೆ ಕರೆ ಮಾಡಿ, ಟಿಕೆಟ್ ಕಳಿಸಿದ. ರಮ್ಯ ಬೇಡ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

“ಹೋಗಿ ನೋಡ್ಕೊಂಡು ಬಾ. ಅಲ್ಲಿ ಜಗಳ ತಗೀಬ್ಯಾಡ,” ಎಂದು ಕಳಿಸಿದ್ದ ಗಂಡ ಹನುಮಂತಯ್ಯ.

ಜಗಳ ಅವಳಿಗೂ ಬೇಕಿರಲಿಲ್ಲ. ಬೇಕಿದ್ದುದು ಒಂದೇ. ಹೆರಿಗೆಯ ಹೊತ್ತಿಗೆ ರಮ್ಯ ತನ್ನನ್ನು ಕರೆಯಬೇಕು. ಆದಿಲಕ್ಷ್ಮಿಯನ್ನಲ್ಲ, ತನ್ನನ್ನು. ಅದೊಂದು ಆದರೆ ಹಳೆಯದೆಲ್ಲ ಮುಗಿದಂತೆ.

ಶುಕ್ರವಾರ ರಜೆ. ಪಕ್ಕದ ಫ್ಲ್ಯಾಟಿನ ಮಮತಾ ಊಟಕ್ಕೆ ಬಂದಿದ್ದಳು. ಬಳ್ಳಾರಿಯವಳು, ಬಾಯಿಗೆ ಬಿಡುವಿಲ್ಲ. ಆದಿಲಕ್ಷ್ಮಿ ರಾಗಿಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ರಮ್ಯಳ ಬಾಯಿಗಿಟ್ಟಳು. ನರಸಕ್ಕ ಊರಿನಿಂದ ಹೊತ್ತು ತಂದ ಜೋಳದ ರೊಟ್ಟಿಯನ್ನು ಮುರಿದವನು ನರೇಶ್ ಒಬ್ಬನೇ.

“ಚೆನ್ನಾಗಿದೆ. ಇನ್ನೊಂದು ಕೊಡಿ,” ಎಂದ.

ಈ ಮನೆಯಲ್ಲಿ ತನ್ನ ಕಡೆಗೆ ಅಂತ ಇರುವವನು ಇವನೊಬ್ಬ, ಎಂದುಕೊಂಡು ನರಸಕ್ಕ ಎರಡು ಹಾಕಿದಳು.

ಮಮತಾ ಮುದ್ದೆಯ ತುತ್ತನ್ನೇ ನೋಡುತ್ತಿದ್ದಳು. “ನಿಮ್ಮಿಬ್ಬರನ್ನ ನೋಡಿದ್ರ ಹೊಟ್ಟಿ ಉರೀತದ ನೋಡ್ರಿ. ತಾಯಿ ಮಗಳು ಅಂದ್ರ ಹಿಂಗಿರಬೇಕು.”

ಆದಿಲಕ್ಷ್ಮಿ ನಕ್ಕಳು. ರಮ್ಯಳೂ ನಕ್ಕಳು. ನರಸಕ್ಕ ಸಾರಿನ ಪಾತ್ರೆಯ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು.

“ಚೊಚ್ಚಲು ಹೆರಿಗಿ. ತವರಿಗೆ ಹೋಗಲಿಲ್ಲೇನು ರಮ್ಯ?” ಎಂದಳು ಮಮತಾ.

“ತವರು ಇಲ್ಲೇ ಐತಲ್ರಿ,” ಎಂದು ರಮ್ಯ ಆದಿಲಕ್ಷ್ಮಿಯ ತೋಳಿಗೆ ತಲೆ ತಾಗಿಸಿದಳು.

ನರಸಕ್ಕ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟಳು. ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆದಳು. ಅವಳ ಕೈಗೇನು ಬಂಗಾರ ಮೆತ್ತಿದೆಯೆ? ನನ್ನ ಕೈ ಆ ತಲೆಗೆ ಆಗದೆ? ಮೂರು ಹೊತ್ತೂ ಅಮ್ಮ, ಅಮ್ಮ. ನನಗೆ ಮಾತ್ರ ಬರ್ರಿ, ಹೋಗ್ರಿ.

ಊಟದ ಕೋಣೆಯಿಂದ ರಮ್ಯ ಚೀರಿದ್ದು ಆಗಲೇ.

ಕಾರಿನಲ್ಲಿ ಆದಿಲಕ್ಷ್ಮಿ ಅವಳನ್ನು ತಬ್ಬಿಕೊಂಡು ಹಿಂದೆ ಕೂತಳು. ನರಸಕ್ಕನಿಗೆ ಸಿಕ್ಕಿದ್ದು ಮುಂದಿನ ಸೀಟು. ಕನ್ನಡಿಯಲ್ಲಿ ಅವಳಿಗೆ ಕಂಡದ್ದು ರಮ್ಯಳ ಬೆರಳುಗಳು. ಅವು ಆದಿಲಕ್ಷ್ಮಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದವು.

ಆಸ್ಪತ್ರೆಯಲ್ಲಿ ರಮ್ಯಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ನರೇಶ್ ಕೌಂಟರಿನಿಂದ ಬಂದ. ಮುಖ ಬಿಳಿಚಿತ್ತು.

“ಒಬ್ಬ ಹೆಂಗಸನ್ನ ಮಾತ್ರ ಬಿಡ್ತಾರಂತೆ. ಯಾರು ಬೇಕು ಅಂತ ಅವಳನ್ನೇ ಕೇಳ್ತಾರೆ.”

ಬೀಗಿತಿಯರಿಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ನಡುವೆ ಆದಿಲಕ್ಷ್ಮಿಯ ಕೈಚೀಲ.

“ಭಯ ಬಿದ್ದವಳೆ ಪಾಪ,” ಎಂದಳು ಆದಿಲಕ್ಷ್ಮಿ. “ನಾನಿದ್ರೆ ಧೈರ್ಯ ಅವಳಿಗೆ.”

“ಹೌದ್ರಿ. ನಿಮ್ಮನ್ನ ಬಿಟ್ರ ಯಾರ ಅದಾರ.”

“ಹಂಗಲ್ಲ ನಾನು ಅಂದಿದ್ದು.”

“ಹೆಂಗಾದ್ರೂ ಅಷ್ಟ.”

ಆದಿಲಕ್ಷ್ಮಿ ಚಪ್ಪಲಿ ಮೆಟ್ಟಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಹೋಗಲು ಸಿದ್ಧಳಾಗಿ ಕೂತಳು. ನರಸಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಹೋಗಲಿ. ಎದ್ದು ಹೋಗುವುದನ್ನು ನೋಡದಿದ್ದರೆ ಸಾಕು.

ಬಾಗಿಲು ತೆರೆಯಿತು. ಹೊರಗೆ ಬಂದ ಮಲಯಾಳಿ ನರ್ಸ್ ಬೆಂಗಳೂರಿನಲ್ಲಿ ಓದಿದವಳು, ಕನ್ನಡ ಬರುತ್ತಿತ್ತು.

“ರಮ್ಯ ಅವರನ್ನ ಹೆತ್ತ ತಾಯಿ ಯಾರು? ಅವರೇ ಬೇಕು ಅಂತ ಅಳ್ತಿದಾರೆ. ಬೇಗ ಬನ್ನಿ.”

ಯಾರೂ ಏಳಲಿಲ್ಲ. ನರಸಕ್ಕ ತಿರುಗಿ ನೋಡಿದಳು. ಆದಿಲಕ್ಷ್ಮಿ ಮೆಲ್ಲಗೆ ಚಪ್ಪಲಿ ಬಿಡುತ್ತಿದ್ದಳು. ತುಟಿ ಬಿಗಿದಿತ್ತು. ಇಷ್ಟು ದಿನ ತನ್ನೊಳಗೆ ಉರಿದದ್ದನ್ನು ನರಸಕ್ಕ ಈಗ ಇನ್ನೊಂದು ಮುಖದಲ್ಲಿ ಕಂಡಳು.

“ಯಾಕೆ ಕೂತಿದ್ದೀರ ನರಸಕ್ಕ, ಎದ್ದೋಗಿ,” ಎಂದಳು ಆದಿಲಕ್ಷ್ಮಿ. “ನಾನು ಹೆತ್ತಿರೋದು ನರೇಶನ್ನ.”