ಹಲಗೆಯ ಮೂಲೆ

ಅರ್ಧ ದಿನ ಓಡಬೇಕಾದ ಕೆತ್ತನೆ ಯಂತ್ರ ಒಂದು ಚಾ ಕುಡಿದು ಬರುವಷ್ಟರಲ್ಲಿ ನಿಂತುಬಿಟ್ಟಿತ್ತು. ಹಲಗೆಯ ಒಂದು ಮೂಲೆಯಲ್ಲಿ ಮರದ ಹುಡಿಯ ಸಣ್ಣ ಗುಪ್ಪೆ, ಮಿಕ್ಕದ್ದೆಲ್ಲ ಬೋಳು. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಅಚ್ಚ ಕನ್ನಡದಲ್ಲಿ 'ಕೆಲಸ ಪೂರ್ಣಗೊಂಡಿದೆ' ಎಂದು ಬಂದಿತ್ತು. ಯಂತ್ರ ಓಡಿಸುವ ಹುಡುಗ ತರುಣ ಪರದೆಯನ್ನೂ ಹಲಗೆಯನ್ನೂ ಬದಲಿ ಬದಲಿ ನೋಡಿದ. ಯಂತ್ರ ಒಂದೇ ಕಡೆ ಕೂತು ಕೊರೆದಿದೆ, ಹಲಗೆಗೆ ತೂತು ಬಿದ್ದಿದೆ. ಇನ್ನೇನು ಆಗಿರಲು ಸಾಧ್ಯ?

ಅದು ಅಂತಿಂಥ ಹಲಗೆಯಲ್ಲ. ವೇಣೂರಿನ ಪದ್ಮಲತಕ್ಕ ತಮ್ಮ ಮನೆತನದ ಬಸದಿಯ ಬಾಗಿಲಿಗೆಂದು ತಂದಿಳಿಸಿದ ಹಲಸು. ಹಳೆಯ ಮರ ಗಾಳಿಗೆ ಉರುಳಿದಾಗ ಇಡೀ ಬಾಗಿಲಿಗೆ ಸಾಕಾಗುವಷ್ಟು ಅಗಲದಲ್ಲಿ ದಕ್ಕಿದ್ದು ಇದೊಂದೇ. ಇದು ಹೋದರೆ ಇನ್ನೊಂದಿಲ್ಲ. ಇದು ಹೋದರೆ ತರುಣನಿಗೂ ತೋಡಾರಿನ ಈ ಅಂಗಡಿಯಲ್ಲಿ ನಾಳೆ ಎಂಬುದಿಲ್ಲ.

"ಎಂತದಾ, ಕರೆಂಟ್ ಹೋಯ್ತಾ?" ಅಂಗಡಿಯ ಧಣಿ ಮುಂಡಪ್ಪಣ್ಣ ಲುಂಗಿ ಎತ್ತಿ ಕಟ್ಟುತ್ತಾ ಒಳಗೆ ಬಂದರು.

"ಕರೆಂಟ್ ಉಂಟು."

"ಮತ್ತೆ?"

"ಬೆಳಿಗ್ಗೆ ನಾನು ಕಂಪ್ಯೂಟರನ್ನು ಕನ್ನಡಕ್ಕೆ ಹಾಕಿದ್ದೆ."

"ಯಾರು ಹೇಳಿದ್ದು ನಿನ್ನತ್ರ?"

"ಯಾರು ಹೇಳ್ಬೇಕು? ಪರದೆಯಲ್ಲಿ ಇಂಗ್ಲಿಷ್ ಏನು ಬಂದ್ರೂ ಫೋಟೋ ತೆಗ್ದು ನಿಮ್ಮ ಮಗಳಿಗೆ ಕಳಿಸ್ಬೇಕು. ನವ್ಯಾ ಅದನ್ನು ಇಡೀ ಕಾಲೇಜಿಗೆ ತೋರಿಸಿ ನೆಗಾಡಿ ಆದ ಮೇಲೆ ಉತ್ತರ ಹಾಕ್ತಾಳೆ. ಸಾಕಾಗಿ ಹೋಗಿತ್ತು ನಂಗೆ!"

ಒಂಬತ್ತನೇ ಕ್ಲಾಸಿನಲ್ಲಿ ಶಾಲೆಗೆ ಬೆನ್ನು ಹಾಕಿದವನು ತರುಣ. ಕೈಯಲ್ಲಿ ಕೆಲಸ ಇದ್ದೂ, ಇಂಗ್ಲಿಷಿನ ಮುಂದೆ ಕಳ್ಳನ ಹಾಗೆ ತಲೆ ತಗ್ಗಿಸಿ ನಿಲ್ಲಬೇಕಲ್ಲ ಎಂದು ಅವನಿಗೆ ದಿನವೂ ಮೈ ಉರಿಯುತ್ತಿತ್ತು. ಇವತ್ತು ಆ ಉರಿಗೆ ಪದ್ಮಲತಕ್ಕನ ಹಲಸು ಬಲಿಯಾಯಿತೇ?

"ಓದ್ಲಿಕ್ಕೆ ಆಗುವ ಹಾಗೆ ಮಾಡಿದ್ದೀಯಲ್ಲ? ಓದು!" ಮುಂಡಪ್ಪಣ್ಣ ಪರದೆಯ ಕಡೆಗೆ ಕೈ ಬೀಸಿದರು. "ಎಂತಾಯ್ತು ಅಂತ ಓದಿ ಹೇಳು ನೋಡುವ!"

ತರುಣ ಕುರ್ಚಿ ಎಳೆದು ಕುಳಿತ. ಬೆಳಿಗ್ಗೆ ಭಾಷೆ ಬದಲಿಸಿದ್ದ ಪುಟವನ್ನೇ ಮತ್ತೆ ತೆರೆದು, ಬೆರಳಿಟ್ಟು, ಜೋರಾಗಿ ಓದಿದ. "ಭಾಷೆ, ಕನ್ನಡ. ದೇಶ, ಭಾರತ. ಅಳತೆ ಪದ್ಧತಿ, ಮೆಟ್ರಿಕ್…" ಬೆರಳು ಅಲ್ಲೇ ನಿಂತಿತು. ಬಾಗಿಲಿನ ನಕ್ಷೆ ತೆರೆದು ನೋಡಿದ. "ಅಣ್ಣಾ, ಅದು ದೇಶ ಯಾವುದು ಅಂತ ಕೇಳಿತ್ತು. ಭಾರತ ಅಂತ ಒತ್ತಿದೆ. ಇನ್ನೆಂತ ಒತ್ಬೇಕಿತ್ತು ನಾನು? ಅದ್ರೊಟ್ಟಿಗೆ ಇಂಚು ಹೋಗಿ ಮಿಲಿಮೀಟರ್ ಆಗಿದೆ. ಅಂಕೆ ಮಾತ್ರ ಹಾಗೇ ಉಂಟು. ಎಪ್ಪತ್ತೆರಡು ಇಂಚಿನ ಬಾಗಿಲನ್ನು ಇದು ಎಪ್ಪತ್ತೆರಡು ಮಿಲಿಮೀಟರ್ ಅಂತ ತಿಳ್ಕೊಂಡದ್ದು."

"ಅಂದ್ರೆ?"

ತರುಣ ಎದ್ದು ಹೋಗಿ, ಕಣ್ಣು ಅರ್ಧ ಮುಚ್ಚಿ, ಮೂಲೆಯ ಹುಡಿಯನ್ನು ಉಫ್ ಎಂದು ಊದಿದ.

ತೂತು ಇರಲಿಲ್ಲ. ಬೆರಳುದ್ದದ ಒಂದು ಬಾಗಿಲು ಅಲ್ಲಿತ್ತು. ಸುತ್ತ ಬಳ್ಳಿ, ಮೇಲೆ ಪೂರ್ಣಕುಂಭ, ನಡುವೆ ತಾವರೆ. ಎಲ್ಲವೂ ಸೂಜಿಯಲ್ಲಿ ಗೀರಿದಷ್ಟು ಸಪೂರ, ಒಂದು ಎಸಳೂ ಬಿಟ್ಟುಹೋಗಿಲ್ಲ. ಅದು ಬಿದ್ದದ್ದಾದರೂ ದೊಡ್ಡ ಕೆತ್ತನೆ ಬರಬೇಕಾದ ಜಾಗದ ಹೊರಗೆ, ಅಂಚಿನಲ್ಲಿ ಖಾಲಿ ಬಿಟ್ಟ ಪಟ್ಟಿಯಲ್ಲಿ.

ತರುಣ ಹುಡಿ ತುಂಬಿದ ಗೋಣಿಯ ಮೇಲೆ ಕುಸಿದು ಕುಳಿತ. ಆಮೇಲೆ ಎಲ್ಲಿತ್ತೋ ಏನೋ, ತಡೆಯಲಾರದಷ್ಟು ನಗು ಬಂತು. ಬೈಯಲೆಂದು ಬಾಯಿ ತೆರೆದಿದ್ದ ಮುಂಡಪ್ಪಣ್ಣ ಅದೇ ಬಾಯಿಯಲ್ಲಿ ಉಸ್ಸೆಂದು ಉಸಿರು ಬಿಟ್ಟರು.

"ಬದುಕಿದೆ ಮಾರಾಯ! ಈಗ ಇಂಚು ವಾಪಸ್ ತರುದು ಹೇಗೆ?"

ತರುಣ ಹೋಗಿ ಮತ್ತೆ ಓದಿದ. "ಅಳತೆಯಲ್ಲಿ ಯು.ಎಸ್. ಅಂತ ಒತ್ಬೇಕಂತೆ."

"ಅಮೆರಿಕದವರದ್ದಾ ಇಂಚು? ನನ್ನ ಅಜ್ಜ ಹಟ್ಟಿ ಕಟ್ಟಿದ್ದೂ ಇಂಚಿನಲ್ಲೇ. ಅವರೇನು ಅಮೆರಿಕಕ್ಕೆ ಹೋಗಿ ಕೇಳಿದ್ರಾ? ಹಾಗೆ ಒತ್ತಿದ್ರೆ ಭಾಷೆಯೂ ಪುನಃ ಇಂಗ್ಲಿಷ್ ಆಗ್ತದಾ?"

"ಇಲ್ಲ, ಅದು ಬೇರೆ ಇದು ಬೇರೆ. ಭಾಷೆಯನ್ನು ನಾನು ಮುಟ್ಟುದಿಲ್ಲ."

ಮುಂಡಪ್ಪಣ್ಣ ಅವನನ್ನು ಒಮ್ಮೆ ನೋಡಿದರು. "ಮುಟ್ಬೇಡ. ನವ್ಯಾಳಿಗೂ ಪರೀಕ್ಷೆ ಹತ್ತಿರ ಬಂತು" ಎಂದವರೇ ದನಿ ತಗ್ಗಿಸಿದರು. "ಪದ್ಮಲತಕ್ಕ ಬರುವ ಮೊದಲು ಆ ಸಣ್ಣದನ್ನು ಕೀಸಿ ತೆಗಿ."

"ಎಂತ ಕೀಸುದು ಮುಂಡಪ್ಪ ಶೆಟ್ರೇ?"

ಪದ್ಮಲತಕ್ಕ ಆಗಲೇ ಬಾಗಿಲಲ್ಲಿದ್ದರು. ಹೊರಗೆ ಅವರು ಇಳಿದ ರಿಕ್ಷಾ ತಿರುಗುತ್ತಿತ್ತು. ಮುಂಡಪ್ಪಣ್ಣ ಏನೋ ಹೊಸೆಯಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ತರುಣ ಅಡ್ಡ ಬಂದು ನಿಂತ.

"ನನ್ನ ತಪ್ಪು ಅಕ್ಕ. ಕಂಪ್ಯೂಟರಿನಲ್ಲಿ ಅಳತೆ ಬದಲಾದದ್ದನ್ನು ನೋಡದೆ ಓಡಿಸಿದೆ. ನಿಮ್ಮ ಬಾಗಿಲು ಇಷ್ಟು ಸಣ್ಣದಾಗಿ ಈ ಮೂಲೆಯಲ್ಲಿ ಬಿದ್ದಿದೆ. ದೊಡ್ಡ ಕೆತ್ತನೆಯ ಜಾಗಕ್ಕೆ ಎಂತದೂ ಆಗ್ಲಿಲ್ಲ. ಈಗ ಕೀಸ್ತೇನೆ, ಗುರುತು ಸಹ ಉಳಿಯುದಿಲ್ಲ."

ಪದ್ಮಲತಕ್ಕ ಕನ್ನಡಕ ಏರಿಸಿದರು. ಮೂಗು ಹಲಸಿಗೆ ತಾಗುವಷ್ಟು ಬಗ್ಗಿ ನೋಡಿದರು. ಕಿರುಬೆರಳಿನ ಉಗುರಿನಿಂದ ಆ ಪುಟ್ಟ ತಾವರೆಯನ್ನು ಸವರಿದರು.

"ಬಾಗಿಲು ನಿಲ್ಲಿಸಿದಾಗ ಇದು ಯಾವ ಕಡೆ ಬರ್ತದೆ?"

"ಕೆಳಗೆ ಅಕ್ಕ, ಹೊಸ್ತಿಲ ಹತ್ತಿರ."

"ಹಾಗಾದ್ರೆ ಕೀಸ್ಬೇಡ," ಪದ್ಮಲತಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡರು. "ಇರುವೆಗಳಿಗೂ ಒಂದು ಬಾಗಿಲು ಬೇಡ್ವಾ?"